ಟೆಸ್ಟ್‌ಗಳನ್ನು ಲೆಕ್ಕದಿಂದ ಬಿಡೋಣ, ಕಣ್ಣಿಂದಲ್ಲ

ಹೊಸ ಪ್ರಾಜೆಕ್ಟ್ ಶುರುವಾದ ಮೊದಲ ವಾರದಲ್ಲೇ ಯಾರಾದ್ರೂ ಒಬ್ಬರು ಕಾನ್ಫಿಗ್ ಫೈಲಿಗೆ ಒಂದು ಸಾಲು ಸೇರಿಸ್ತಾರೆ: ಟೆಸ್ಟ್ ಫೋಲ್ಡರನ್ನು ಕವರೇಜ್ ರಿಪೋರ್ಟಿನಿಂದ ಬಿಡು ಅಂತ. ಯಾಕೆ ಅಂತ ಯಾರೂ ಕೇಳಲ್ಲ. ಜಾವಾಸ್ಕ್ರಿಪ್ಟಿನ ಜೆಸ್ಟ್, ಗೋ ಭಾಷೆಯ ಕವರ್ ಟೂಲ್ ಇವೆರಡೂ ಹೇಳದೇನೇ ಟೆಸ್ಟ್ ಫೈಲುಗಳನ್ನು ಬಿಟ್ಟುಬಿಡುತ್ತವೆ. ಪೈಥಾನಿನಲ್ಲಿ ನಾವೇ ‘ಓಮಿಟ್’ ಅಂತ ಬರೆಯುತ್ತೇವೆ. ಈ ರೂಢಿ ಅರ್ಧ ಸರಿ, ಅರ್ಧ ತಪ್ಪು ಅನ್ನೋದು ನನ್ನ ತಕರಾರು.

ಮೊದಲು ಸರಿ ಇರುವ ಅರ್ಧ. 1000 ಸಾಲಿನ ಅಪ್ಲಿಕೇಶನ್ ಕೋಡ್ ಇದೆ, ಟೆಸ್ಟ್ ಓಡಿಸಿದಾಗ 600 ಸಾಲು ಓಡಿದವು ಅಂದ್ಕೊಳ್ಳಿ. ಕವರೇಜ್ 60%. ಇದಕ್ಕೆ 1000 ಸಾಲಿನ ಟೆಸ್ಟ್ ಕೋಡನ್ನೂ ಸೇರಿಸಿ. ಟೆಸ್ಟ್ ಕೋಡ್ ಹೇಗೂ ಓಡುತ್ತಲ್ಲ! 2000ಕ್ಕೆ 1600, ಅಂದ್ರೆ 80%. ಒಂದೇ ಒಂದು ಹೊಸ ಟೆಸ್ಟ್ ಬರೆಯದೆ ಗೇಟ್ ಪಾಸ್. ನಮ್ಮೂರ ಕಡೆ ಅಡಿಕೆ ತೂಗಿದರೆ ಚೀಲದ ತೂಕ ಕಳೆದೇ ರೇಟು ಹಾಕೋದು. ಇಲ್ಲೂ ಕಳೆಯಲೇಬೇಕು.

ಆದ್ರೆ ತೂಕದಿಂದ ಕಳೆದ ಮಾತ್ರಕ್ಕೆ ಚೀಲದಲ್ಲಿ ತೂತಿದೆಯಾ ಅಂತ ನೋಡೋದನ್ನ ಯಾರೂ ಬಿಡಲ್ಲ. ನಾವು ಬಿಟ್ಟಿದ್ದೇವೆ. ಪೈಥಾನಿನಲ್ಲಿ ರಿಫಂಡ್ ಲೆಕ್ಕಕ್ಕೆ ಒಂದು ಟೆಸ್ಟ್ ಇದೆ. ಯಾರೋ ಅದನ್ನೇ ಕಾಪಿ ಮಾಡಿ ಕೆಳಗೆ ಪೇಸ್ಟ್ ಮಾಡಿ, ಒಳಗಿನದನ್ನು ಬದಲಿಸಿ, ಹೆಸರು ಬದಲಿಸೋದನ್ನ ಮರೆತರು. ಎರಡನೆಯದು ಮೊದಲನೆಯದನ್ನು ನುಂಗುತ್ತೆ. ಪೈಟೆಸ್ಟ್ ಎರಡನೆಯದನ್ನು ಮಾತ್ರ ಓಡಿಸಿ ಹಸಿರು ತೋರಿಸುತ್ತೆ. ಇನ್ನೊಂದು ಇದಕ್ಕಿಂತ ಕಳ್ಳತನದ್ದು: ಅಸರ್ಟ್ ಇರೋದು ಲೂಪಿನೊಳಗೆ, ಲೂಪಿಗೆ ಬಂದ ಪಟ್ಟಿ ಖಾಲಿ. ಏನನ್ನೂ ಪರೀಕ್ಷಿಸದೆ ಟೆಸ್ಟ್ ಪಾಸ್! ಟೆಸ್ಟ್ ಫೈಲನ್ನೂ ಅಳೆದಿದ್ದರೆ ಎರಡೂ ಕಡೆ ಓಡದ ಸಾಲುಗಳು ಕೆಂಪಗೆ ಕಾಣ್ತಿದ್ದವು. ಪೈಥಾನಿನ ಕವರೇಜ್ ಟೂಲನ್ನು ವರ್ಷಗಟ್ಟಲೆ ನೋಡಿಕೊಂಡು ಬಂದಿರುವ ನೆಡ್ ಬ್ಯಾಚೆಲ್ಡರ್ ಅವರೂ ಟೆಸ್ಟ್‌ಗಳನ್ನು ಅಳೆಯಬೇಕು ಅನ್ನುವ ಪಕ್ಷದವರೇ.

ಇನ್ನೊಂದು ಅಪಾಯ ಆ ಓಮಿಟ್ ಪಟ್ಟಿಯದು. ಅದು ಬೆಳೆಯೋದನ್ನ ನಾನು ನೋಡಿದ್ದೇನೆ. ಮೊದಲು ಟೆಸ್ಟ್‌ಗಳು, ಆಮೇಲೆ ಡೇಟಾಬೇಸ್ ಮೈಗ್ರೇಶನ್‌ಗಳು, ಆಮೇಲೆ ಟೂಲ್ ತಾನೇ ಬರೆದುಕೊಟ್ಟ ಕೋಡ್. ಇಲ್ಲಿಯವರೆಗೆ ನ್ಯಾಯವೇ. ಒಂದು ರಿಲೀಸಿನ ಹಿಂದಿನ ರಾತ್ರಿ, ಯಾರೂ ಮುಟ್ಟಲು ಹೆದರುವ ಹಳೇ ಬಿಲ್ಲಿಂಗ್ ಫೋಲ್ಡರೂ ಅದೇ ಪಟ್ಟಿಗೆ ಸೇರುತ್ತೆ. ಕವರೇಜ್ ಏರುತ್ತೆ, ಡ್ಯಾಶ್‌ಬೋರ್ಡ್ ನೋಡಿದ ಮ್ಯಾನೇಜರ್ ಖುಷಿ. ದುಡ್ಡಿನ ಲೆಕ್ಕ ಮಾಡೋ ಕೋಡಿಗೆ ಮಾತ್ರ ಕಾವಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಟೆಸ್ಟ್‌ಗಳನ್ನು ಒಮ್ಮೆ ಓಡಿಸಿ, ರಿಪೋರ್ಟ್ ಎರಡು ತೆಗೆಯಿರಿ. ಅಪ್ಲಿಕೇಶನ್ ಕೋಡಿಗೆ ನಿಮ್ಮ ಟೀಮ್ ಒಪ್ಪಿದ ಮಿತಿ, 80 ಇರಲಿ 70 ಇರಲಿ. ಟೆಸ್ಟ್ ಕೋಡಿಗೆ ಮಾತ್ರ 100. ಬೇಕಂತಲೇ ಸ್ಕಿಪ್ ಮಾಡಿದ್ದನ್ನು ಬಿಟ್ಟರೆ, ಟೆಸ್ಟ್‌ನಲ್ಲಿ ಓಡದೇ ಉಳಿದ ಸಾಲು ಒಂದೋ ಸತ್ತಿದೆ, ಇಲ್ಲ ನಮಗೆ ಸುಳ್ಳು ಹೇಳ್ತಿದೆ. ಪೈಥಾನಿನಲ್ಲಿ ಇದಕ್ಕೆ ಎರಡು ಸಾಲಿನ ಕಮಾಂಡ್ ಸಾಕು.

ಇಷ್ಟಾದರೂ ಕವರೇಜ್ ಹೇಳೋದು ಸಾಲು ಓಡಿತು ಅಂತ ಮಾತ್ರ, ಉತ್ತರ ಸರಿ ಬಂತು ಅಂತ ಅಲ್ಲ. ಅಸರ್ಟ್ ಇಲ್ಲದ ಟೆಸ್ಟ್‌ಗೂ ಅದು ಪೂರ್ತಿ ಅಂಕ ಕೊಡುತ್ತೆ. ಹಾಗಾಗಿ ಮುಂದಿನ ಸಲ ಪುಲ್ ರಿಕ್ವೆಸ್ಟಿನಲ್ಲಿ ಓಮಿಟ್ ಪಟ್ಟಿಗೆ ಹೊಸ ಸಾಲು ಕಂಡರೆ ಅಪ್ರೂವ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿ: ಇದನ್ನ ಬಿಡ್ತಿರೋದು ಲೆಕ್ಕ ಸರಿ ಬರಲಿ ಅಂತಲೋ, ಚೆನ್ನಾಗಿ ಕಾಣಲಿ ಅಂತಲೋ?