ಬೀಗದಕೈ ಬೇಡದ ಪೆಟ್ರೋಲ್ ಮುಚ್ಚಳ: ಲಾಭವೆಷ್ಟು, ನಷ್ಟವೆಷ್ಟು?

ಸಂಜೆ ಏಳರ ಹೊತ್ತಿಗೆ ಜಯನಗರದ ಅಥವಾ ಬನಶಂಕರಿಯ ಯಾವುದಾದರೊಂದು ಪೆಟ್ರೋಲ್ ಬಂಕಿನ ಬದಿಯಲ್ಲಿ ಐದು ನಿಮಿಷ ನಿಂತು ನೋಡಿ. ಸರದಿ ಬಂದ ಬೈಕ್ ಸವಾರ ಎಂಜಿನ್ ಆರಿಸುತ್ತಾನೆ, ಬೀಗದಕೈಯನ್ನು ಇಗ್ನಿಷನ್‌ನಿಂದ ಹೊರತೆಗೆದು ಟ್ಯಾಂಕಿನ ಮುಚ್ಚಳಕ್ಕೆ ತೂರಿಸಿ ತಿರುಗಿಸುತ್ತಾನೆ. ಪೆಟ್ರೋಲ್ ತುಂಬಿದ ಮೇಲೆ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಕೈಗವಸು ಹಾಕಿದವನಿಗೆ, ಮಡಿಲಲ್ಲಿ ಚೀಲ ಇಟ್ಟುಕೊಂಡವನಿಗೆ ಇದು ಕಿರಿಕಿರಿಯೇ ಸರಿ. ಹಿಂದಿನವರು ಹಾರ್ನ್ ಬಾರಿಸುವುದೂ ಉಂಟು. ಬೀಗದಕೈ ಇಲ್ಲದೆಯೇ ತೆರೆಯುವ ಮುಚ್ಚಳವಿದ್ದರೆ ಎಷ್ಟು ಚೆನ್ನ ಎಂದು ನಿಮಗೂ ಅನ್ನಿಸಿರಬಹುದು. ಅಂಥ ಮುಚ್ಚಳಗಳು ಈಗ ಇವೆ. ಅವು ನಮ್ಮ ಊರಿನ ಬೀದಿಗೆ ಒಗ್ಗುತ್ತವೆಯೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೊದಲಿಗೆ ಒಂದು ಗೊಂದಲ ನಿವಾರಿಸಿಕೊಳ್ಳಬೇಕು. 'ಕೀಲೆಸ್' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದರಲ್ಲಿ ಬೀಗವೇ ಇಲ್ಲ. ಅಲ್ಯೂಮಿನಿಯಮ್‌ನಲ್ಲಿ ಕಡೆದ ಅಂದವಾದ ಮುಚ್ಚಳ. ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದರೆ ತೆರೆಯಿತು. ಇದು ಪಂದ್ಯದ ಬೈಕುಗಳಿಂದ ಬಂದದ್ದು. ಇನ್ನೊಂದರಲ್ಲಿ ಬೀಗವಿದೆ, ಆದರೆ ಅದನ್ನು ತೆರೆಯುವುದು ವಿದ್ಯುತ್ತು. ಸವಾರನ ಜೇಬಿನಲ್ಲಿರುವ ಪುಟ್ಟ ರೇಡಿಯೊ ಸಾಧನವನ್ನು ವಾಹನ ಗುರುತಿಸಿದರೆ ಮಾತ್ರ ಬೀಗ ಸಡಿಲಗೊಳ್ಳುತ್ತದೆ. ಮೊದಲನೆಯದು ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಹಳೆಯ ಜಾವಾಗಳ ಮುಚ್ಚಳವೂ ಹೀಗೆ ತಿರುವಿ ತೆಗೆಯುವಂಥದೇ. ಬೀಗವಿರುವ ಮುಚ್ಚಳವನ್ನು ಮಾಲೀಕರು ಪ್ರತ್ಯೇಕವಾಗಿ ಕೊಂಡು ಹಾಕಿಸಿಕೊಳ್ಳುತ್ತಿದ್ದರು. ಇಂದು ಬೀಗವನ್ನು ತೆಗೆಸಿಹಾಕಲು ಹಣ ಕೊಡುತ್ತಿದ್ದೇವೆ!

ಬೀಗ ಇರುವುದು ಕಳ್ಳನಿಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ಅದು ಮಾಡುವ ಇನ್ನೊಂದು ಕೆಲಸವನ್ನು ಹೆಚ್ಚಿನವರು ಗಮನಿಸಿಲ್ಲ. ಬೀಗದಕೈ ಒಂದೇ, ಅದು ಏಕಕಾಲಕ್ಕೆ ಇಗ್ನಿಷನ್‌ನಲ್ಲೂ ಮುಚ್ಚಳದಲ್ಲೂ ಇರಲಾರದು. ಆದ್ದರಿಂದ ಮುಚ್ಚಳ ತೆರೆದಿದೆಯೆಂದರೆ ಎಂಜಿನ್ ಆರಿದೆ ಎಂದೇ ಅರ್ಥ. ಎಂಜಿನಿಯರುಗಳು ಇದನ್ನು 'ಇಂಟರ್‌ಲಾಕ್' ಎನ್ನುತ್ತಾರೆ. ಒಂದು ಕ್ರಿಯೆ ಮುಗಿಯದೆ ಇನ್ನೊಂದು ನಡೆಯದಂತೆ ಎರಡನ್ನೂ ಕಟ್ಟಿಹಾಕುವ ವ್ಯವಸ್ಥೆ ಇದು. ಸವಾರನ ನೆನಪನ್ನಾಗಲಿ ಶಿಸ್ತನ್ನಾಗಲಿ ಇದು ನೆಚ್ಚುವುದಿಲ್ಲ. (ತೀರ ಸವೆದ ಇಗ್ನಿಷನ್ ಬೀಗಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೀ ಕೈಗೆ ಬರುವುದುಂಟು, ನಿಮ್ಮ ಗಾಡಿ ಹಾಗಿದ್ದರೆ ಬೀಗ ಬದಲಿಸಿ.)

ಇದು ಏಕೆ ಮುಖ್ಯ? ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಕೊಡಬಲ್ಲ ದ್ರವ. ಗಾಳಿಯಲ್ಲಿ ಈ ಆವಿ ಗಾತ್ರದಲ್ಲಿ ಶೇಕಡ 1.4ರಿಂದ 7.6ರಷ್ಟು ಬೆರೆತರೆ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿಹೋಗದೆ ಟ್ಯಾಂಕಿನಿಂದ ಕೆಳಕ್ಕೆ, ಅಂದರೆ ಬಿಸಿ ಎಂಜಿನ್ ಮತ್ತು ಸೈಲೆನ್ಸರ್ ಇರುವ ಕಡೆಗೇ ಇಳಿಯುತ್ತದೆ. ಕಾರಿನಲ್ಲಿ ಟ್ಯಾಂಕು ಎಂಜಿನ್ನಿನಿಂದ ದೂರದಲ್ಲಿದೆ. ಬೈಕಿನಲ್ಲಿ ಅದು ಎಂಜಿನ್ನಿನ ತಲೆಯ ಮೇಲೆಯೇ ಕುಳಿತಿದೆ! ಬೀಗವಿಲ್ಲದ ಮುಚ್ಚಳ ಹಾಕಿಸಿಕೊಂಡ ದಿನವೇ ಈ ಇಂಟರ್‌ಲಾಕ್ ಹೋಯಿತು. ಅಲ್ಲಿಂದ ಮುಂದೆ 'ಎಂಜಿನ್ ಆರಿಸಿ' ಎಂಬ ಬಂಕಿನ ಫಲಕವೊಂದೇ ರಕ್ಷಣೆ.

ವಿದ್ಯುತ್ ಬೀಗದ ವಿಷಯ ಬೇರೆ. ಬಿಎಂಡಬ್ಲ್ಯು ಕಂಪನಿಯ 'ಕೀಲೆಸ್ ರೈಡ್' ವ್ಯವಸ್ಥೆಯಲ್ಲಿ ಇಗ್ನಿಷನ್ ಆರಿಸಿದ ಮೇಲೆ, ಅದೂ ಒಂದು ನಿಗದಿತ ಅವಧಿಯೊಳಗೆ, ಮುಚ್ಚಳ ತೆರೆದುಕೊಳ್ಳುತ್ತದೆ. ಕಬ್ಬಿಣದ ತುಂಡು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ವಿದ್ಯುನ್ಮಂಡಲ ವಹಿಸಿಕೊಂಡಿದೆ. ಎಲ್ಲ ಕಂಪನಿಗಳೂ ಇಷ್ಟು ಯೋಚಿಸಿದಂತಿಲ್ಲ. ಡುಕಾಟಿಯ 2010ರ ಮಲ್ಟಿಸ್ಟ್ರಾಡಾ 1200 ಬೈಕನ್ನು ಚಾಲೂ ಮಾಡಲು ಬೀಗದಕೈ ಬೇಡ. ಪೆಟ್ರೋಲ್ ಹಾಕಲು ಮಾತ್ರ ರಿಮೋಟಿನೊಳಗೆ ಮಡಚಿಟ್ಟ ಕೀಯನ್ನು ಬಿಡಿಸಬೇಕು. ಅರ್ಧ ದಾರಿಯಲ್ಲಿ ನಿಂತ ವಿನ್ಯಾಸ ಇದು.

ಇನ್ನು ಉಸಿರಾಟದ ಪ್ರಶ್ನೆ. ಹೌದು, ಟ್ಯಾಂಕೂ ಉಸಿರಾಡಬೇಕು. ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಒಂದು ಸಣ್ಣ ತೂತು ಮಾಡಿ, ನೀರು ತುಂಬಿಸಿ, ಮುಚ್ಚಳ ಬಿಗಿಯಿರಿ. ಸ್ವಲ್ಪ ಹೊತ್ತಿನಲ್ಲೇ ಧಾರೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ, ಮತ್ತೆ ಹರಿಯುತ್ತದೆ. (ಈ ಪ್ರಯೋಗ ನೀರಿನಲ್ಲಿ ಮಾತ್ರ.) ಪೆಟ್ರೋಲ್ ಖರ್ಚಾದಂತೆ ಗಾಳಿ ಒಳಬರದಿದ್ದರೆ ಎಂಜಿನ್ನಿಗೂ ಇದೇ ಗತಿ. ಆದರೆ ಗಾಳಿ ಒಳಬರುವ ದಾರಿಯಲ್ಲಿ ಆವಿ ಹೊರಹೋಗಬಾರದು, ಗಾಡಿ ಮಗುಚಿದರೆ ಪೆಟ್ರೋಲೂ ಸುರಿಯಬಾರದು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ವಾಹನಗಳಲ್ಲಿ ಟ್ಯಾಂಕಿನ ಆವಿ ಇದ್ದಿಲು ತುಂಬಿದ ಡಬ್ಬಿಗೆ ಹೋಗಿ, ಅಲ್ಲಿ ಹೀರಲ್ಪಟ್ಟು, ಬಳಿಕ ಎಂಜಿನ್ನಿಗೆ ಸೇರುತ್ತದೆ. ಕಂಪನಿಯ ಮುಚ್ಚಳ ಈ ವ್ಯವಸ್ಥೆಯ ಒಂದು ಅಂಗ. ಜೆ.ಸಿ. ರಸ್ತೆಯಿಂದ ತಂದ ಚೆಂದದ ಮುಚ್ಚಳದ ತೂತು ನೇರವಾಗಿ ಬಯಲಿಗೆ ತೆರೆದಿದ್ದರೆ ಇದ್ದಿಲ ಡಬ್ಬಿ ಇದ್ದೂ ಇಲ್ಲದಂತೆ. ಕೊಳ್ಳುವವರು ಬಣ್ಣ ನೋಡುತ್ತಾರೆಯೇ ಹೊರತು ಒಳಗಿನ ಕವಾಟ ಇದೆಯೆ ಎಂದು ತಿರುಗಿಸಿ ನೋಡುವುದಿಲ್ಲ.

ಕಳ್ಳತನಕ್ಕೆ ಬರೋಣ. ಬಿ.ಟಿ.ಎಂ. ಬಡಾವಣೆಯಲ್ಲಿ ಪೇಯಿಂಗ್ ಗೆಸ್ಟ್ ಕಟ್ಟಡಗಳ ಮುಂದೆ ರಾತ್ರಿಯಿಡೀ ರಸ್ತೆಯಲ್ಲೇ ನಿಲ್ಲುವ ಬೈಕುಗಳನ್ನು ನೀವು ಕಂಡಿದ್ದೀರಿ. 'ಕಳ್ಳ ಮುಚ್ಚಳ ತೆಗೆಯುವುದೇ ಇಲ್ಲ, ಕೆಳಗಿನ ಪೈಪು ಕೀಳುತ್ತಾನೆ. ಮೇಲಿನ ಬೀಗದಿಂದ ಪ್ರಯೋಜನವೇನು?' ಎಂದು ವಾದಿಸುವವರಿದ್ದಾರೆ. ಕಾರ್ಬ್ಯುರೇಟರ್ ಕಾಲಕ್ಕೆ ಈ ವಾದ ಸರಿಯಾಗಿತ್ತು. ಆ ಬೈಕುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತಿತ್ತು. ಪೈಪು ಕಿತ್ತು ಬಾಟಲಿ ಹಿಡಿದರೆ ಆಯಿತು. ಫ್ಯುಯಲ್ ಇಂಜೆಕ್ಷನ್ ಬಂದ ಮೇಲೆ ಚಿತ್ರ ಬದಲಾಗಿದೆ. ಈಗ ಸಾಮಾನ್ಯವಾಗಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಇಗ್ನಿಷನ್ ಆರಿದಾಗ ಪಂಪು ಓಡದು, ಪೈಪು ಕಿತ್ತರೂ ಸಿಗುವುದು ಅತ್ಯಲ್ಪ. ಕೆಳಗಿನ ಬಾಗಿಲು ಮುಚ್ಚಿದ ಮೇಲೆ ಮೇಲಿನ ಬಾಗಿಲೇ ಕಳ್ಳನ ದಾರಿ. ಬೀಗದ ಅಗತ್ಯ ಹಿಂದಿಗಿಂತ ಹೆಚ್ಚಾಗಿರುವ ಹೊತ್ತಿನಲ್ಲೇ ಅದನ್ನು ತೆಗೆಯುವುದು ಶೋಕಿಯಾಗಿದೆ ಎಂಬುದು ವಿಚಿತ್ರ. ಬೆಂಗಳೂರಿನಲ್ಲಿ ಪೆಟ್ರೋಲ್ 2021ರ ಜೂನ್‌ನಲ್ಲಿ ಲೀಟರಿಗೆ 100 ರೂಪಾಯಿ ದಾಟಿತು. ಊಟ ತಲುಪಿಸುವ ಹುಡುಗನಿಗೆ ಎರಡು ಲೀಟರ್ ಹೋದರೆ ಸಣ್ಣ ನಷ್ಟವಲ್ಲ.

ಪೆಟ್ರೋಲ್ ಕದಿಯದೆ ಟ್ಯಾಂಕಿಗೆ ಏನಾದರೂ ಸುರಿಯುವ ಕಿಡಿಗೇಡಿಗಳೂ ಇದ್ದಾರೆ. ಸಕ್ಕರೆ ಹಾಕಿದರೆ ಎಂಜಿನ್ ಹಾಳು ಎಂಬ ನಂಬಿಕೆ ಹಳೆಯದು. ಸಕ್ಕರೆ ಪೆಟ್ರೋಲಿನಲ್ಲಿ ಕರಗುವುದೇ ಇಲ್ಲ. ಹೆಚ್ಚೆಂದರೆ ಶೋಧಕ ಕಟ್ಟಿಕೊಳ್ಳುತ್ತದೆ. ನಿಜವಾಗಿ ಹೆದರಬೇಕಾದದ್ದು ನೀರಿಗೆ, ಮತ್ತು ಅದನ್ನು ಸುರಿಯಲು ಕಿಡಿಗೇಡಿ ಬೇಕಿಲ್ಲ, ಜೆ.ಪಿ. ನಗರದ ಒಂದು ಮಳೆ ಸಾಕು. ಟ್ಯಾಂಕಿನ ಮೈಗೆ ಸಮನಾಗಿ ಕೂರುವ ಮುಚ್ಚಳದ ಸುತ್ತ ನೀರು ನಿಲ್ಲುತ್ತದೆ. ಅದು ಇಳಿದುಹೋಗಲು ಸಣ್ಣ ರಂಧ್ರವೊಂದಿರುತ್ತದೆ. ಧೂಳು ಕಟ್ಟಿದರೆ ನೀರು ರಬ್ಬರ್ ಬಳೆಯನ್ನು ದಾಟಿ ಒಳಗಿಳಿಯಬಹುದು. ಕೈಯಲ್ಲಿ ತಿರುಗಿಸಿ ಬಿಗಿಯುವ ಮುಚ್ಚಳದಲ್ಲಿ ರಬ್ಬರಿನ ಮೇಲೆ ಬೀಳುವ ಒತ್ತಡ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೀತಿ. ಇಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ತೊಂದರೆಗೆ ಇನ್ನೊಂದು ಮುಖವಿದೆ. (ಶೇಕಡ 20 ಇಥನಾಲಿನ ಪೆಟ್ರೋಲನ್ನು ದೇಶದಲ್ಲಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು.) ಇಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ನೀರು ಮತ್ತು ಇಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಪಂಪು ಹೀರುವುದು ತಳದಿಂದಲೇ.

ಹಾಗಾದರೆ ವಿದ್ಯುತ್ ಬೀಗವೇ ಸರಿಯೆ? ಅದರ ಮೇಲಿನ ಒಂದು ಆಕ್ಷೇಪವನ್ನು ಅತಿಯಾಗಿ ಹಿಗ್ಗಿಸಲಾಗಿದೆ ಎಂದು ನನಗೆ ತೋರುತ್ತದೆ. ಇಬ್ಬರು ಕಳ್ಳರು ಎರಡು ರೇಡಿಯೊ ಪೆಟ್ಟಿಗೆ ಹಿಡಿದು, ಮನೆಯೊಳಗಿರುವ ರಿಮೋಟಿನ ಸಂಕೇತವನ್ನು ಹೊರಗಿನ ವಾಹನಕ್ಕೆ ದಾಟಿಸಿ ಬೀಗ ತೆಗೆಯಬಹುದು ಎಂಬುದು ನಿಜ. ಆದರೆ ಅಷ್ಟು ಸಾಮಗ್ರಿ ಇದ್ದವನು ಎರಡು ಲೀಟರ್ ಪೆಟ್ರೋಲಿಗೆ ಆಸೆಪಡದೆ ಗಾಡಿಯನ್ನೇ ಒಯ್ಯುತ್ತಾನೆ. ಗಂಭೀರವಾದ ಪ್ರಶ್ನೆ ಇನ್ನೊಂದು: ವಿದ್ಯುತ್ತು ಇಲ್ಲದಾಗ ಬೀಗ ಏನು ಮಾಡಬೇಕು? ತೆರೆದುಕೊಂಡರೆ ಬ್ಯಾಟರಿ ತಂತಿ ಕತ್ತರಿಸಿದವನಿಗೆ ಪೆಟ್ರೋಲ್ ದಾನ. ಮುಚ್ಚಿಕೊಂಡೇ ಇದ್ದರೆ, ತಿಂಗಳುಗಟ್ಟಲೆ ನಿಂತು ಬ್ಯಾಟರಿ ಸತ್ತ ಗಾಡಿಗೆ ಹೊಸ ಪೆಟ್ರೋಲೂ ಹಾಕಲಾಗದು. ಎರಡನೆಯದೇ ಸರಿ, ಆದರೆ ಆಪತ್ತಿಗೆಂದು ಸಾಧಾರಣ ಬೀಗದಕೈಯ ದಾರಿಯೊಂದು ಇರಲೇಬೇಕು. ಅದಿಲ್ಲದ ಮುಚ್ಚಳ ಎಷ್ಟೇ ದುಬಾರಿಯಾದರೂ ಅಪೂರ್ಣ.

ಸ್ಕೂಟರುಗಳು ಈ ವಿಷಯದಲ್ಲಿ ಬೈಕುಗಳಿಗಿಂತ ಜಾಣತನ ತೋರಿವೆ. ಮೊದಲಿನ ಆಕ್ಟಿವಾಗಳಲ್ಲಿ ಪೆಟ್ರೋಲಿಗಾಗಿ ಇಳಿದು ಸೀಟು ಎತ್ತಬೇಕಿತ್ತು. 2020ರ ಆಕ್ಟಿವಾ 6ಜಿಯಲ್ಲಿ ಮುಚ್ಚಳ ಹೊರಗೆ ಬಂತು. ಕೀಯನ್ನು ಇಗ್ನಿಷನ್‌ನಿಂದ ಕೀಳದೆ, ಅಲ್ಲೇ ಬೇರೆ ಸ್ಥಾನಕ್ಕೆ ತಿರುಗಿಸಿ ತೆರೆಯಬಹುದು. 2023ರ ಜನವರಿಯಲ್ಲಿ ಬಂದ 'ಎಚ್-ಸ್ಮಾರ್ಟ್' ಮಾದರಿಯಲ್ಲಿ ಕೀಯೂ ಬೇಡ. ರಿಮೋಟು ಎರಡು ಮೀಟರ್ ಒಳಗಿದ್ದರೆ ಗುಂಡಿ ತಿರುಗಿಸಿದರೆ ಸಾಕು. ಗುಂಡಿ ಒಮ್ಮೆಗೆ ಒಂದೇ ಸ್ಥಾನದಲ್ಲಿರಬಲ್ಲದಾದ್ದರಿಂದ ಹಳೆಯ ಇಂಟರ್‌ಲಾಕ್ ಇಲ್ಲಿ ಹಾಗೆಯೇ ಉಳಿದಿದೆ. ನನ್ನ ಮಟ್ಟಿಗೆ 6ಜಿಯ ಏರ್ಪಾಡೇ ಹೆಚ್ಚು ಮೆಚ್ಚುಗೆಯದು. ಕೀ ಕೀಳುವ ಕಿರಿಕಿರಿ ತಪ್ಪಿತು, ರಿಮೋಟಿನ ಬ್ಯಾಟರಿಯ ಚಿಂತೆ ಹತ್ತಿರ ಸುಳಿಯಲಿಲ್ಲ. ಇದನ್ನು ನೂರು, ನೂರೈವತ್ತು ಸಿಸಿಯ ಸಾಮಾನ್ಯ ಬೈಕುಗಳಿಗೆ ತರಲು ಬೇಕಾದದ್ದು ಇಗ್ನಿಷನ್‌ನಿಂದ ಮುಚ್ಚಳದವರೆಗೆ ಒಂದು ತಂತಿ, ಒಂದು ಕೊಂಡಿ.

ಬೀಗವಿಲ್ಲದ ಮುಚ್ಚಳವನ್ನು ಈಗಾಗಲೇ ಹಾಕಿಸಿಕೊಂಡಿದ್ದರೆ ಹಳೆಯದನ್ನು ಎಸೆಯದೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಅದನ್ನೇ ಮತ್ತೆ ಕೂರಿಸುವುದು ಹತ್ತು ನಿಮಿಷದ ಕೆಲಸ. ಹಾಗೆ ಕೂರಿಸುವಾಗ ನೀರಿಳಿಯುವ ರಂಧ್ರದೊಳಗೆ ತೆಳುವಾದ ಪ್ಲಾಸ್ಟಿಕ್ ಕಡ್ಡಿ ಆಡಿಸಿ, ಧೂಳು ಕಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಿ.