ಅರ್ಥ ಎಲ್ಲರದು, ಅಧಿಕಾರ ಯಾರದು?

‘ನಾನು’ ಎಂಬುದು ಮೊದಲೇ ಒಳಗೆ ಸಿದ್ಧವಾಗಿರುತ್ತದೆ, ಸಮಾಜದ ಒಡನಾಟ ಆಮೇಲಿನದು ಎಂಬ ನಂಬಿಕೆಯನ್ನು ಬುಡಮೇಲು ಮಾಡಿದ ಪುಸ್ತಕ ಜಾರ್ಜ್ ಹರ್ಬರ್ಟ್ ಮೀಡ್ ಅವರ ‘ಮೈಂಡ್, ಸೆಲ್ಫ್ ಅಂಡ್ ಸೊಸೈಟಿ’. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೀಡ್ ತೀರಿಕೊಂಡದ್ದು 1931ರಲ್ಲಿ. ತರಗತಿಯ ಟಿಪ್ಪಣಿಗಳನ್ನು ಆಧರಿಸಿ ಸಂಪಾದಿಸಿದ ಈ ಪುಸ್ತಕ ಹೊರಬಂದದ್ದು 1934ರಲ್ಲಿ.

ನನ್ನ ಸನ್ನೆ ಎದುರಿನವರಲ್ಲಿ ಹುಟ್ಟಿಸುವ ಪ್ರತಿಕ್ರಿಯೆ ನನ್ನೊಳಗೂ ಹುಟ್ಟಿದಾಗ ಆ ಸನ್ನೆಗೆ ಇಬ್ಬರಿಗೂ ಸಲ್ಲುವ ಅರ್ಥ ಬರುತ್ತದೆ ಎನ್ನುತ್ತಾರೆ ಮೀಡ್. ಬೇಸ್‌ಬಾಲ್ ಆಡುವ ಹುಡುಗ ಉಳಿದವರೆಲ್ಲ ಏನು ಮಾಡಬಹುದೆಂದು ಅರಿತೇ ಚೆಂಡೆಸೆಯುತ್ತಾನೆ. ಇಡೀ ತಂಡದ ಕಣ್ಣಿಂದ ತನ್ನನ್ನು ನೋಡಿಕೊಳ್ಳಲು ಕಲಿತಾಗಲೇ ಅವನಿಗೊಂದು ‘ತಾನು’ ದಕ್ಕುತ್ತದೆ. ವ್ಯಕ್ತಿತ್ವವೂ ಸಮಾಜದ ಅರ್ಥವೂ ಒಟ್ಟಿಗೇ ಬೆಳೆಯುತ್ತವೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದವರು ವಿರಳ.

ಆದರೆ ಈ ಆಟದಲ್ಲಿ ಪ್ರತಿಯೊಬ್ಬನಿಗೂ ಮೈದಾನದಲ್ಲಿ ಜಾಗವಿದೆ. ಜಾಗವೇ ಸಿಗದವನ ಪಾಡೇನು? ಮೀಡ್ ಪುಸ್ತಕಕ್ಕಿಂತ ಮೂರು ದಶಕ ಮೊದಲೇ, 1903ರ ‘ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ನಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಇದಕ್ಕೆ ಉತ್ತರ ಬರೆದಿದ್ದರು. ಅವರ ಶಾಲೆಯ ಮಕ್ಕಳು ಚಂದದ ವಿಸಿಟಿಂಗ್ ಕಾರ್ಡ್ ಕೊಂಡು ತಂತಮ್ಮಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು. ಹೊಸದಾಗಿ ಬಂದಿದ್ದ ಎತ್ತರದ ಹುಡುಗಿ, ಕಪ್ಪು ಹುಡುಗ ಡುಬಾಯ್ಸ್ ಕೊಟ್ಟ ಕಾರ್ಡನ್ನು ಒಂದು ನೋಟ ಬೀರಿ ನಿರಾಕರಿಸಿದಳು. ಆ ನೋಟದ ಅರ್ಥ ಹುಡುಗನಿಗೆ ಪೂರ್ತಿ ತಿಳಿಯಿತು; ತಿಳಿದದ್ದರಿಂದಲೇ ಗಾಯವಾಯಿತು. ಅರ್ಥ ಇಬ್ಬರದೂ ಆಗಿತ್ತು, ಅದನ್ನು ವಿಧಿಸುವ ಅಧಿಕಾರ ಮಾತ್ರ ಅವಳೊಬ್ಬಳದಾಗಿತ್ತು. ತನ್ನನ್ನು ಕೀಳಾಗಿ ಕಾಣುವವರ ಕಣ್ಣಿಂದಲೇ ತನ್ನನ್ನು ಅಳೆದುಕೊಳ್ಳುವ ಈ ಇಬ್ಬಂದಿಗೆ ಡುಬಾಯ್ಸ್ ಇಟ್ಟ ಹೆಸರು ‘ದ್ವಂದ್ವ ಪ್ರಜ್ಞೆ’.

ಇದ್ದ ಸಮುದಾಯ ಒಪ್ಪದಿದ್ದರೆ ಇನ್ನೂ ವಿಶಾಲವಾದ ಸಮುದಾಯದ ಮುಂದೆ ಮೊರೆಯಿಡಬಹುದು ಎಂದು ಮೀಡ್ ಕೂಡ ಹೇಳುತ್ತಾರೆ. ಆ ಸಮುದಾಯವನ್ನು ಕಟ್ಟುವ ಕಷ್ಟ ಮಾತ್ರ ಅವರ ಸಿದ್ಧಾಂತದಲ್ಲಿ ಕಾಣುವುದಿಲ್ಲ. ಡುಬಾಯ್ಸ್ 1910ರಿಂದ 1934ರವರೆಗೆ ‘ದಿ ಕ್ರೈಸಿಸ್’ ಪತ್ರಿಕೆ ನಡೆಸಿದರು. ಅದರ ಮಕ್ಕಳ ಸಂಚಿಕೆಗಳಲ್ಲಿ ಕಪ್ಪು ಮಕ್ಕಳ ಫೋಟೊಗಳನ್ನು ಹೆಮ್ಮೆಯಿಂದ ಅಚ್ಚುಹಾಕಿದರು. ಮಗು ತನ್ನನ್ನು ಗೌರವದಿಂದ ನೋಡಿಕೊಳ್ಳಬೇಕಾದರೆ ಹಾಗೆ ನೋಡುವ ಕಣ್ಣುಗಳು ಮೊದಲು ಹೊರಗೆ ಇರಬೇಕು ಎಂಬ ಮೀಡ್ ತತ್ವವೇ ಅಲ್ಲಿ ಕೆಲಸ ಮಾಡಿದೆ.

ಹಾಗಾಗಿ ಮೀಡ್ ಅವರನ್ನು ಬಿಡುವಂತಿಲ್ಲ, ಅವರೊಬ್ಬರನ್ನೇ ಓದಿ ನಿಲ್ಲುವಂತೆಯೂ ಇಲ್ಲ. ಅರ್ಥವನ್ನು ನಿರ್ಧರಿಸುವ ಹಕ್ಕು ಯಾರ ಕೈಯಲ್ಲಿದೆ ಎಂದು ಕೇಳದ ಯಾವ ಆತ್ಮಸಿದ್ಧಾಂತವೂ ಅಪೂರ್ಣವೇ.