‘ಲಾಸ್ಟ್’ ಕಥಾನಕವೂ ಪ್ರೇಕ್ಷಕರ ವಿಧಿವಾದಗಳೂ

ಕಥೆಯನ್ನು ಕೇಳಿ ಸುಮ್ಮನಾಗುವ ಶ್ರೋತೃಗಳುಂಟು. ಕೇಳಿದೊಡನೆಯೇ ವ್ಯಾಖ್ಯಾನಕ್ಕೆ ತೊಡಗುವವರೂ ಉಂಟು. ಈ ಎರಡನೆಯ ಬಗೆಯವರನ್ನು ಅಸಂಖ್ಯವಾಗಿ ಪಡೆದ ಕೃತಿಗಳು ವಿರಳ. ಅಮೆರಿಕೆಯ ಎ.ಬಿ.ಸಿ. ಸಂಸ್ಥೆಯವರು 2004ನೆಯ ಸೆಪ್ಟೆಂಬರ್ 22ರಿಂದ 2010ನೆಯ ಮೇ 23ರ ವರೆಗೆ ಆರು ಭಾಗಗಳಾಗಿ ಪ್ರಸಾರಮಾಡಿದ ‘ಲಾಸ್ಟ್’ ಎಂಬ ಟೆಲಿವಿಷನ್ ಧಾರಾವಾಹಿಯು ಅಂತಹುದೊಂದು. ಅದು ಮುಗಿದು ವರ್ಷಗಳು ಕಳೆದರೂ ಅದರ ವಿಷಯವಾದ ವಾದವಿವಾದಗಳು ಮುಗಿದಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋದವನು ನಡೆದುದನ್ನು ಬದಲಿಸಬಲ್ಲನೆ, ವಿಧಿಯು ಬಲವತ್ತರವೋ ಪುರುಷಪ್ರಯತ್ನವು ಬಲವತ್ತರವೋ ಎಂಬುದೇ ಆ ವಾದಗಳ ಜೀವಾಳವಾದುದರಿಂದ ಅವುಗಳನ್ನು ಪರೀಕ್ಷಿಸುವುದು ಅಪ್ರಸ್ತುತವಾಗಲಾರದು.

ಕಥಾವಸ್ತುವು ಸಂಕ್ಷೇಪವಾಗಿ ಇಂತಿದೆ. ಸಿಡ್ನಿ ನಗರದಿಂದ ಲಾಸ್ ಏಂಜಲೀಸಿಗೆ ಹೊರಟ ಓಶಿಯಾನಿಕ್ 815 ಎಂಬ ವಿಮಾನವು ಮಾರ್ಗಭ್ರಷ್ಟವಾಗಿ ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ಮುರಿದುಬೀಳುವುದು. ಬದುಕಿ ಉಳಿದವರಲ್ಲಿ ಶಸ್ತ್ರವೈದ್ಯನಾದ ಜ್ಯಾಕ್, ಪೋಲೀಸರಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ ಕೇಟ್, ಇರಾಕಿನ ಮಾಜಿ ಯೋಧನಾದ ಸಯೀದ್, ಸಂಗೀತಗಾರನಾದ ಚಾರ್ಲಿ, ಶ್ರದ್ಧಾಳುವಾದ ಜಾನ್ ಲಾಕ್ ಮೊದಲಾದವರು ಮುಖ್ಯರು. ದ್ವೀಪದಲ್ಲಿ ಮೊದಲೇ ನೆಲಸಿದ್ದ ಜನರೂ, 1970ರ ದಶಕದಲ್ಲಿ ಅಲ್ಲಿ ವಿಜ್ಞಾನಶಾಲೆಗಳನ್ನು ಕಟ್ಟಿದ ‘ಧರ್ಮ’ ಎಂಬ ಹೆಸರಿನ ಸಂಘವೊಂದೂ ಕಥೆಯಲ್ಲಿ ಬಂದು ಸೇರುತ್ತವೆ. ಐದನೆಯ ಭಾಗದ ವೇಳೆಗೆ ದ್ವೀಪವೇ ಕಾಲದಲ್ಲಿ ಅತ್ತಿತ್ತ ಸರಿಯತೊಡಗಿ, 2000ದ ಆಚೆಯ ಜನರು 1977ರಲ್ಲಿ ಬಾಳಬೇಕಾಗುವುದು.

ಈ ಕಥೆಯನ್ನು ಹೆಣೆದವರಲ್ಲಿ ಡೇಮನ್ ಲಿಂಡಲಾಫ್, ಕಾರ್ಲ್‌ಟನ್ ಕ್ಯೂಸ್ ಎಂಬಿಬ್ಬರು ಕೊನೆಯವರೆಗೂ ಸೂತ್ರಧಾರರಾಗಿದ್ದರು. ಅವರು ಪಾತ್ರಗಳಿಗೆ ಇಟ್ಟ ಹೆಸರುಗಳೇ ವ್ಯಾಖ್ಯಾನಕಾರರನ್ನು ಕೆರಳಿಸುವಂತಹವು. ಲಾಕ್, ಹ್ಯೂಮ್ ಎಂಬವು ತತ್ತ್ವಜ್ಞರ ಹೆಸರುಗಳು. ಫ್ಯಾರಡೆ, ಮಿಂಕೋವ್‌ಸ್ಕಿ, ಹಾಕಿಂಗ್ ಎಂಬವು ಭೌತವಿಜ್ಞಾನಿಗಳ, ಗಣಿತಜ್ಞರ ಹೆಸರುಗಳು. ವಾರಕ್ಕೊಂದರಂತೆ ಕಥಾಖಂಡಗಳು ಬರುತ್ತಿದ್ದುದರಿಂದ ನಡುವಣ ದಿನಗಳೆಲ್ಲ ಪ್ರೇಕ್ಷಕರ ಊಹಾಪೋಹಗಳಿಗೆ ಮೀಸಲಾದವು. ಇವರ ಶ್ರಮವನ್ನು ಹಗುರವಾಗಿ ಕಾಣಬೇಕಾದುದಿಲ್ಲ. ಪದಪದಕ್ಕೂ ಟೀಕೆ ಬರೆದ ಪಂಡಿತರ ಶ್ರದ್ಧೆಯೇ ಬೇರೊಂದು ವೇಷದಲ್ಲಿ ಇವರಲ್ಲಿ ಕಾಣುವುದು.

ಆದರೆ ಟೀಕೆಗೂ ಒಂದು ನಿಯಮವುಂಟು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಪ್ರಾಚೀನರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿದ್ದಾರೆ. ಆರಂಭವೂ ಮುಕ್ತಾಯವೂ ಒಂದಕ್ಕೊಂದು ಹೊಂದುವುದು, ಒಂದೇ ವಿಷಯವು ಮರಳಿ ಮರಳಿ ಬರುವುದು, ಹೊಸತೊಂದನ್ನು ತಿಳಿಸುವುದು, ಫಲವನ್ನು ತೋರಿಸುವುದು, ಪ್ರಶಂಸೆ, ಯುಕ್ತಿ ಎಂದು ಇವು ಆರು. ಇದಲ್ಲದೆ ಪೂರ್ವಪಕ್ಷವಾವುದು ಸಿದ್ಧಾಂತವಾವುದು ಎಂಬ ವಿವೇಕವೂ ಬೇಕು. ಈ ಒರೆಗಲ್ಲಿಗೆ ಹಚ್ಚಿದರೆ ‘ಲಾಸ್ಟ್’ ಕುರಿತ ವಾದಗಳಲ್ಲಿ ಚೊಕ್ಕವಾದುದು ಯಾವುದು, ಬೆರಕೆಯಾದುದು ಯಾವುದು ಎಂಬುದು ಸ್ಪಷ್ಟವಾಗುವುದು.

ಮೊದಲನೆಯ ಭಾಗವು ನಡೆಯುತ್ತಿದ್ದಾಗಲೇ ಹುಟ್ಟಿದ ವಾದವು, ವಿಮಾನವು ಬಿದ್ದಾಗಲೇ ಎಲ್ಲರೂ ಸತ್ತರು, ದ್ವೀಪವೆಂಬುದು ಪ್ರೇತಲೋಕ, ಎಂಬುದು. ಕರ್ತೃಗಳು ಇದನ್ನು ಹಲವು ಬಾರಿ ಅಲ್ಲಗಳೆದರು. ಕಡೆಯ ಭಾಗದಲ್ಲಿ ದ್ವೀಪದ ಕಥೆಯೊಡನೆ ಸಮಾಂತರವಾಗಿ ತೋರುವ ಇನ್ನೊಂದು ಜೀವನವು ಮರಣಾನಂತರದ ಮಿಲನಸ್ಥಾನವೆಂದು ಹೊರಪಟ್ಟಾಗ, ಹಳೆಯ ವಾದವೇ ಗೆದ್ದಿತೆಂದು ಅನೇಕರು ಭ್ರಮಿಸಿದರು. ಮುಕ್ತಾಯದ ಹೆಸರುಗಳ ಹಿಂದೆ ಪ್ರಸಾರಸಂಸ್ಥೆಯವರು ನಿರ್ಜನ ತೀರದಲ್ಲಿ ಬಿದ್ದ ವಿಮಾನದ ಚೂರುಗಳನ್ನು ತೋರಿಸಿದುದೂ ಆ ಭ್ರಮೆಗೆ ನೀರೆರೆಯಿತು. ಆದರೆ ಗ್ರಂಥದ ಸಾಕ್ಷ್ಯವು ಬೇರೆ. ನಡೆದುದೆಲ್ಲವೂ ನಿಜ, ಕೆಲವರು ನಿನಗಿಂತ ಮೊದಲು ಸತ್ತರು, ಕೆಲವರು ನೀನು ಸತ್ತು ಬಹುಕಾಲದ ಮೇಲೆ ಸತ್ತರು ಎಂದು ಜ್ಯಾಕನಿಗೆ ಅವನ ತಂದೆಯೇ ತಿಳಿಸುತ್ತಾನೆ. ಬಿದಿರಮೆಳೆಯಲ್ಲಿ ಬಿದ್ದ ಜ್ಯಾಕನ ಕಣ್ಣು ತೆರೆಯುವುದು ಕಥೆಯ ಉಪಕ್ರಮ. ಅದೇ ಬಿದಿರಮೆಳೆಯಲ್ಲಿ ಅದೇ ಕಣ್ಣು ಮುಚ್ಚುವುದು ಉಪಸಂಹಾರ. ಅಂದು ಅವನೆಡೆಗೆ ಬಂದ ನಾಯಿಯೇ ಇಂದು ಅವನ ಮಗ್ಗುಲಲ್ಲಿ ಮಲಗುವುದು. ತೆರೆದ ಕಣ್ಣಿಗೂ ಮುಚ್ಚಿದ ಕಣ್ಣಿಗೂ ನಡುವೆ ಇದ್ದುದು ಬಾಳು. ಅದನ್ನು ಪ್ರೇತಾವಸ್ಥೆಯೆಂದರೆ ಆರಂಭಕ್ಕೂ ಮುಕ್ತಾಯಕ್ಕೂ ಅರ್ಥವೇ ಉಳಿಯದು.

ಎರಡನೆಯದು ಕಾಲವು ಅಚಲವೆಂಬ ವಾದ. ಕಾಲಯಾನವು ಸಾಧ್ಯವಾದರೂ ಘಟನೆಗಳು ಪರಸ್ಪರ ವಿರೋಧವಿಲ್ಲದೆಯೇ ಇರಬೇಕೆಂದು ರಷ್ಯದ ಭೌತವಿಜ್ಞಾನಿ ಈಗರ್ ನೊವಿಕೋವ್ ಪ್ರತಿಪಾದಿಸಿದ ತತ್ತ್ವವನ್ನು ಈ ಪಕ್ಷದವರು ಆಧರಿಸುವರು. ಕಥೆಯಲ್ಲಿ ಇದಕ್ಕೆ ಬಲವಾದ ಆಧಾರವುಂಟು. ರಿಚರ್ಡ್ ಎಂಬವನು ಲಾಕನಿಗೆ ದಿಕ್ಸೂಚಿಯೊಂದನ್ನು ಕೊಡುವನು. ಲಾಕನು 1954ಕ್ಕೆ ಸರಿದು ಅದನ್ನೇ ರಿಚರ್ಡನಿಗೆ ಕೊಡುವನು. ಆತನು ಅದನ್ನು ಕಾಪಾಡಿ ಮುಂದೆ ಲಾಕನಿಗೆ ಕೊಡುವನು. ಹಾಗಾದರೆ ಅದನ್ನು ಮಾಡಿದವನಾರು? ಬೀಜಾಂಕುರನ್ಯಾಯದಲ್ಲಾದರೋ ಒಂದು ಬೀಜದಿಂದ ಬೇರೊಂದು ಬೀಜವು ಹುಟ್ಟುವುದು. ಇಲ್ಲಿ ಒಂದೇ ವಸ್ತುವು ತನಗೆ ತಾನೇ ಪೂರ್ವವಾಗಿದೆ.

ಇದಕ್ಕಿಂತ ಗಹನವಾದುದು ಸಯೀದನ ಪ್ರಸಂಗ. ಮುಂದೆ ಕ್ರೂರನಾಗಲಿರುವ ಬೆನ್ ಎಂಬವನನ್ನು 1977ರಲ್ಲಿ ಬಾಲಕನಾಗಿ ಕಂಡು, ಸಯೀದನು ಅವನ ಎದೆಗೆ ಗುಂಡಿಡುವನು. ಗಾಯಗೊಂಡವನಿಗೆ ಶಸ್ತ್ರಚಿಕಿತ್ಸೆ ಮಾಡಲು ಜ್ಯಾಕನು ಒಪ್ಪುವುದಿಲ್ಲ. ಕೊನೆಗೆ ಬಾಲಕನನ್ನು ದ್ವೀಪದ ಮೂಲನಿವಾಸಿಗಳಿಗೆ ಒಪ್ಪಿಸಬೇಕಾಗುವುದು. ಅವರು ಅವನನ್ನು ಬದುಕಿಸುವರು, ಆದರೆ ಅವನ ಮುಗ್ಧತೆಯು ಅಳಿಯುವುದು. ಕೇಡನ್ನು ತಡೆಯಲು ಹೊರಟ ಗುಂಡೇ ಕೇಡಿನ ಬೀಜವಾಯಿತು. ದೇವಕಿಯ ಮಕ್ಕಳನ್ನು ಕೊಂದು ವಿಧಿಯನ್ನು ಗೆಲ್ಲಹೊರಟ ಕಂಸನ ನೆನಪು ಇಲ್ಲಿ ಸಹಜವಾಗಿ ಬರುವುದು. ಅಚಲವಾದಿಗಳು ಇದರಿಂದ, ಸಯೀದನು ಸೂತ್ರದ ಬೊಂಬೆ, ಅವನ ಮೇಲೆ ದೋಷವಿಲ್ಲ ಎಂದು ತೀರ್ಮಾನಿಸಿದರು. ಇದು ಯುಕ್ತವಲ್ಲ. ಘಟನೆಯು ಬದಲಾಗದು ಎಂಬುದರಿಂದ ಅದನ್ನು ಮಾಡಿದವನು ತಾನಲ್ಲ ಎಂಬುದು ಸಿದ್ಧಿಸುವುದಿಲ್ಲ. ಆಕಾಶವಾಣಿಯನ್ನು ಕೇಳಿದನೆಂಬ ಕಾರಣದಿಂದ ಕಂಸನು ನಿರ್ದೋಷಿಯೆಂದು ಯಾರೂ ಹೇಳಲಿಲ್ಲ. ತನ್ನನ್ನು ಸೆರೆಯಿಂದ ಬಿಡಿಸಿದ ಮಗುವಿನ ಮೇಲೆ ಸಯೀದನು ಗುಂಡು ಹಾರಿಸಿದನು. ಆ ಕೈ ಅವನದೇ.

ಮೂರನೆಯ ಪಕ್ಷದವರು ಡೇನಿಯಲ್ ಫ್ಯಾರಡೆಯ ಮಾತನ್ನು ಹಿಡಿದರು. ಕಳೆದುದು ಬದಲಾಗದೆಂದು ಬಹುಕಾಲ ಬೋಧಿಸಿದ ಈ ವಿಜ್ಞಾನಿಯು 2009ನೆಯ ಏಪ್ರಿಲಿನಲ್ಲಿ ಪ್ರಸಾರವಾದ ಕಥಾಖಂಡದಲ್ಲಿ ಮನಸ್ಸು ಬದಲಿಸಿ, ಸಮೀಕರಣದಲ್ಲಿ ಚರಾಂಶಗಳು ಮನುಷ್ಯರೇ, ಅವರು ಆರಿಸಬಲ್ಲರು, ಜಲಜನಕದ ಬಾಂಬನ್ನು ಸಿಡಿಸಿದರೆ ವಿಮಾನವು ಬೀಳದಂತೆ ಮಾಡಬಹುದು ಎನ್ನುತ್ತಾನೆ. ಅದೇ ಖಂಡದಲ್ಲಿ ಅವನು ತನ್ನ ಹೆತ್ತ ತಾಯಿ ಎಲೋಯ್ಸಳ ಗುಂಡಿಗೆ ಬಲಿಯಾಗುವನು. ಆಗ ಅವನಿನ್ನೂ ಅವಳ ಗರ್ಭದಲ್ಲಿದ್ದನು. ಬಾಂಬು ಮುಂದೆ ಸಿಡಿದಾಗ, ಆರನೆಯ ಭಾಗದ ಸಮಾಂತರ ಜೀವನವು ಅದರ ಫಲವೆಂದು ಈ ಪಕ್ಷದವರು ಒಂದು ವಸಂತಕಾಲವೆಲ್ಲ ನಂಬಿದರು. ಮುಕ್ತಾಯವು ಆ ನಂಬಿಕೆಯನ್ನು ಪೋಷಿಸಲಿಲ್ಲ.

ಇನ್ನು ನಾಲ್ಕನೆಯದು ಎಲ್ಲಕ್ಕಿಂತ ಪ್ರಸಿದ್ಧವಾದ ವಾದ. ಡೆಸ್ಮಂಡ್ ಹ್ಯೂಮನ ಚೇತನವು 1996ಕ್ಕೆ ಸರಿದಾಗ, ಆಭರಣದಂಗಡಿಯಲ್ಲಿದ್ದ ವೃದ್ಧೆಯೊಬ್ಬಳು ಕೆಂಪು ಪಾದರಕ್ಷೆಯ ಮನುಷ್ಯನೊಬ್ಬನನ್ನು ಅವನಿಗೆ ತೋರಿಸುವಳು. ಕ್ಷಣದಲ್ಲಿ ಅಟ್ಟಣೆಯು ಕುಸಿದು ಆತನು ಸಾಯುವನು. ಮೊದಲೇ ತಿಳಿದಿದ್ದರೂ ಏಕೆ ಎಚ್ಚರಿಸಲಿಲ್ಲವೆಂದರೆ, ಇಂದು ತಪ್ಪಿಸಿದರೆ ನಾಳೆ ಬೇರೊಂದು ರೀತಿಯಲ್ಲಿ ಸಾಯುತ್ತಿದ್ದನು, ವಿಶ್ವವು ತನ್ನ ದಾರಿಯನ್ನು ತಾನೇ ತಿದ್ದಿಕೊಳ್ಳುವುದು ಎಂದು ಅವಳ ಉತ್ತರ. ಪ್ರೇಕ್ಷಕರು ಇದನ್ನೇ ಕೃತಿಯ ಸಿದ್ಧಾಂತವೆಂದು ಸ್ವೀಕರಿಸಿ ಅದರ ಮೇಲೆ ಮಹಡಿಗಳನ್ನು ಕಟ್ಟಿದರು.

ಇಲ್ಲಿಯೇ ಟೀಕಾಕಾರರು ಎಡವಿದುದು. ಮಾತನ್ನು ಆಡಿದವರಾರು ಎಂಬುದನ್ನು ನೋಡದೆ ಮಾತಿನ ತೂಕವನ್ನು ನಿರ್ಣಯಿಸಲಾಗದು. ಆ ವೃದ್ಧೆಯೇ ಡೇನಿಯಲನ ತಾಯಿ ಎಲೋಯ್ಸ್. ತನ್ನ ಕೈಯಿಂದಲೇ ಮಗನು ಸಾಯುವನೆಂದು ತಿಳಿದಿದ್ದೂ, ಪಿಯಾನೋ ನುಡಿಸುತ್ತಿದ್ದ ಹುಡುಗನನ್ನು ಸಂಗೀತದಿಂದ ಬಿಡಿಸಿ ವಿಜ್ಞಾನಕ್ಕೆ ತಳ್ಳಿ, ಕಡೆಗೆ ದ್ವೀಪಕ್ಕೂ ಕಳುಹಿಸಿದವಳು. ವಿಧಿಯನ್ನು ತಿದ್ದಲಾಗದು ಎಂಬುದು ಅವಳಿಗೆ ಶಾಸ್ತ್ರವಾಗಿದ್ದಷ್ಟೇ ಸಮಾಧಾನವೂ ಆಗಿತ್ತು. ಅದು ಸುಳ್ಳಾದರೆ ಅವಳು ಪುತ್ರಘಾತಿನಿ. ಇಂತಹ ಬಾಯಿಂದ ಬಂದ ಮಾತು ಪೂರ್ವಪಕ್ಷವೇ ಹೊರತು ಸಿದ್ಧಾಂತವಲ್ಲ. ಕೆಂಪು ಪಾದರಕ್ಷೆಯವನು ನಾಳೆ ಸಾಯುತ್ತಿದ್ದನೋ ಇಲ್ಲವೋ, ಇಂದು ಅವನನ್ನು ಕೂಗಿ ಎಚ್ಚರಿಸುವುದು ಅವಳಿಗೆ ಸಾಧ್ಯವಾಗಿತ್ತು.

ಈ ಪೂರ್ವಪಕ್ಷಕ್ಕೆ ಕೃತಿಯು ಕೊಡುವ ಉತ್ತರವು ಚಾರ್ಲಿಯ ಮರಣ. ಚಾರ್ಲಿಯು ಸಾಯುವನೆಂದು ಡೆಸ್ಮಂಡನಿಗೆ ಮುಂಗಾಣ್ಕೆಯಾಗುವುದು. ಸಿಡಿಲಿನಿಂದ, ನೀರಿನಿಂದ, ಬಾಣದಿಂದ ಅವನನ್ನು ಮತ್ತೆ ಮತ್ತೆ ಉಳಿಸುವನು. ಕೊನೆಯ ದರ್ಶನದಲ್ಲಿ, ಚಾರ್ಲಿಯು ನೀರೊಳಗಿನ ಕೇಂದ್ರದಲ್ಲಿ ಗುಂಡಿಯೊಂದನ್ನು ಒತ್ತಿ ಮುಳುಗಿದರೆ ಕ್ಲೇರ್ ಎಂಬ ತರುಣಿಯೂ ಅವಳ ಶಿಶುವೂ ಹೆಲಿಕಾಪ್ಟರನ್ನೇರಿ ಪಾರಾಗುವರೆಂದು ಕಾಣುವುದು. ಇದನ್ನು ಕೇಳಿ ಚಾರ್ಲಿಯು ಬೇರೆಯವರನ್ನು ಕಳುಹಿಸದೆ ತಾನೇ ಹೋಗುವನು. 2007ನೆಯ ಮೇ 23ರಂದು ಪ್ರಸಾರವಾದ ಆ ಖಂಡದಲ್ಲಿ, ನೀರು ನುಗ್ಗುವ ಹೊತ್ತಿಗೆ ಅವನು ಒಳಗಿನಿಂದ ಬಾಗಿಲನ್ನು ಮುಚ್ಚಿಕೊಂಡು, ಬರುತ್ತಿರುವ ಹಡಗು ಡೆಸ್ಮಂಡನ ಪ್ರಿಯೆಯಾದ ಪೆನಿಯದಲ್ಲವೆಂಬ ಎಚ್ಚರಿಕೆಯನ್ನು ಅಂಗೈಯಲ್ಲಿ ಬರೆದು ಗಾಜಿಗೆ ಒತ್ತಿಹಿಡಿಯುವನು.

ಅವನು ಹೊರಗೆ ಓಡಿಬರಬಹುದಿತ್ತಲ್ಲ, ಬಾಗಿಲನ್ನು ಹೊರಗಿನಿಂದ ಮುಚ್ಚಬಹುದಿತ್ತಲ್ಲ ಎಂದು ಪ್ರೇಕ್ಷಕರು ಅಂದಿನಿಂದ ಇಂದಿನವರೆಗೂ ಚರ್ಚಿಸುತ್ತ, ಅದನ್ನು ಕಥನದ ಲೋಪವೆನ್ನುತ್ತಾರೆ. ಲೋಪವೆನ್ನುವ ಕಡೆಯೇ ಕೃತಿಯ ಹೃದಯವಿದೆ. ಬಾಗಿಲು ಎರಡು ಕಡೆಗೂ ಮುಚ್ಚಬಹುದಾದುದರಿಂದಲೇ ಅದು ಅವನ ಕಾರ್ಯವಾಯಿತು. ಬೇರೆ ದಾರಿಯಿಲ್ಲದಿದ್ದರೆ ಕೇವಲ ಅಪಘಾತವಾಗುತ್ತಿತ್ತು. ಪಂಚತಂತ್ರದ ಕೊಳದಲ್ಲಿ ಯದ್ಭವಿಷ್ಯನೆಂಬ ಮೀನು ಆಗುವುದು ಆಗಲಿ ಎಂದು ಬಲೆಗೆ ಸಿಕ್ಕಿತು. ಚಾರ್ಲಿಗೂ ಆಗುವುದು ತಿಳಿದಿತ್ತು. ಆದರೆ ಅವನು ಅದರ ಕಡೆಗೆ ಈಜಿ ಹೋದನು. ಇನ್ನೂ ಒಂದು ವಿಶೇಷವುಂಟು. ಡೆಸ್ಮಂಡನು ಕಂಡ ಹೆಲಿಕಾಪ್ಟರನ್ನು ಕ್ಲೇರಳು ಏರಲೇ ಇಲ್ಲ. ಶಿಶುವು ಕೇಟಳ ತೋಳಿನಲ್ಲಿ ಹೋಯಿತು. ವಿಧಿಯ ಮಾತೇ ಅರ್ಧ ತಪ್ಪಿತು. ಅಂಗೈಯಲ್ಲಿ ಬರೆದ ಎಚ್ಚರಿಕೆಯಾದರೋ ಹರ್ಲಿ ಮೊದಲಾದ ಗೆಳೆಯರಿಗೆ ಮುಟ್ಟಿತು. ಫಲವನ್ನು ನೋಡಿ ತಾತ್ಪರ್ಯವನ್ನು ತಿಳಿಯಬೇಕೆಂಬ ನಿಯಮದಂತೆ ಇಲ್ಲಿ ಫಲಿಸಿದುದು ದರ್ಶನವಲ್ಲ, ಕಾರ್ಯ.

ಇದೇ ಭಾವವು ಉದ್ದಕ್ಕೂ ಮರಳಿ ಬರುವುದು. ದ್ವೀಪದ ರಕ್ಷಕನಾದ ಜೇಕಬನು ಗವಿಯ ಗೋಡೆಯಲ್ಲಿ ತನ್ನ ಉತ್ತರಾಧಿಕಾರಿಗಳಾಗಬಹುದಾದವರ ಹೆಸರುಗಳನ್ನು ಬರೆದು, ಬೇಡವಾದವರ ಹೆಸರನ್ನು ಅಡ್ಡಗೆರೆಯಿಂದ ಹೊಡೆದಿರುವನು. ತನ್ನ ಹೆಸರನ್ನೇಕೆ ಹೊಡೆದೆಯೆಂದು ಕೇಟ್ ಕೇಳಿದಾಗ, ಅದು ಬರಿಯ ಸೀಮೆಸುಣ್ಣದ ಗೆರೆ, ಬೇಕೆಂದರೆ ಕೆಲಸವು ನಿನ್ನದೇ ಎನ್ನುವನು. ತನಗೆ ದೊರೆಯದಿದ್ದ ಆಯ್ಕೆಯನ್ನು ಇವರಿಗೆ ಕೊಡುವೆನೆಂದೂ ಹೇಳುವನು. ಆಗ ಜ್ಯಾಕನು ತಾನಾಗಿ ಮುಂದೆ ಬರುವನು. ಹಣೆಬರಹವೆಂದು ಜನರು ಅಂಜುವುದನ್ನು ಕೃತಿಯು ಒರಸಬಹುದಾದ ಗೆರೆಯೆಂದು ತೋರಿಸಿತು.

ಹಾಗೆಂದು ಕೃತಿಯು ನಿರ್ದುಷ್ಟವಲ್ಲ. ಪ್ರಶ್ನೆಯನ್ನು ಎತ್ತಿದವನು ಆಕಾಂಕ್ಷೆಯನ್ನು ಹುಟ್ಟಿಸುವನು; ಅದನ್ನು ತಣಿಸುವುದು ಅವನ ಋಣ. ಮೊದಲ ಭಾಗದಲ್ಲಿ ಗವಿಯೊಂದರಲ್ಲಿ ಎರಡು ಅಸ್ಥಿಪಂಜರಗಳೂ, ಒಂದು ಕರಿಯ ಒಂದು ಬಿಳಿಯ ಕಲ್ಲೂ ದೊರೆತಾಗ, ಬಟ್ಟೆಯ ಜೀರ್ಣತೆಯಿಂದ ನಾಲ್ವತ್ತು ಐವತ್ತು ವರ್ಷಗಳು ಕಳೆದಿರಬೇಕೆಂದು ವೈದ್ಯನೇ ಊಹಿಸುವನು. ಇದನ್ನು ನಂಬಿ ಪ್ರೇಕ್ಷಕರು, ಕಾಲದಲ್ಲಿ ಹಿಂದೆ ಸರಿದು ಅಲ್ಲಿಯೇ ಮುಪ್ಪಾದ ದಂಪತಿಗಳು ಇವರೆಂದು ಊಹಿಸಿದರು. ಐದನೆಯ ಭಾಗದ ಕಡೆಯಲ್ಲಿ ರೋಸ್, ಬರ್ನಾರ್ಡ್ ಎಂಬ ವೃದ್ಧದಂಪತಿಗಳು 1977ರ ದ್ವೀಪದಲ್ಲಿ ಗುಡಿಸಲು ಕಟ್ಟಿಕೊಂಡು ಎಲ್ಲ ಜಗಳಗಳಿಂದ ದೂರವಾಗಿ ಬಾಳುತ್ತಿದ್ದುದು ಈ ಊಹೆಗೆ ಸೊಗಸಾಗಿ ಹೊಂದುತ್ತಿತ್ತು. 2010ನೆಯ ಮೇ ತಿಂಗಳಲ್ಲಿ ಬಂದ ಉತ್ತರವೋ, ಲ್ಯಾಟಿನ್ ಭಾಷೆಯಾಡುತ್ತಿದ್ದ ಪ್ರಾಚೀನ ಕಾಲದ ತಾಯಿ ಮಗನ ಎಲುಬುಗಳಿವು ಎಂದಿತು. ಹಿಂದೆ ಕೊಟ್ಟ ಪ್ರಮಾಣವು ಏಕೆ ತಪ್ಪಾಯಿತೆಂಬುದಕ್ಕೆ ಒಂದು ಮಾತೂ ಇಲ್ಲ. 4, 8, 15, 16, 23, 42 ಎಂಬ ಸಂಖ್ಯೆಗಳು ಆ ಹೆಸರುಗಳ ಪಟ್ಟಿಯಲ್ಲಿ ಕಂಡುಬಂದರೂ ಅವು ಹರ್ಲಿಗೆ ದುರದೃಷ್ಟವನ್ನು ತಂದುದೇಕೆಂಬುದು ಹಾಗೆಯೇ ಉಳಿಯಿತು. ಇಂತಹ ಎಡೆಗಳಲ್ಲಿ ಟೀಕೆಯೇ ಮೂಲಕ್ಕಿಂತ ಹೆಚ್ಚು ಉಪಪತ್ತಿಯುಳ್ಳದ್ದಾಗಿತ್ತೆಂದು ಒಪ್ಪದಿರಲಾಗದು. ಪ್ರೇಕ್ಷಕರ ಅಸಮಾಧಾನವು ನ್ಯಾಯವಾದುದೇ.

ಕಥೆಯೊಳಗಿನ ವಿಜ್ಞಾನಸಂಘವು ‘ಧರ್ಮ’ ಎಂಬ ಹೆಸರನ್ನು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಕಟ್ಟಿಕೊಂಡು, ‘ನಮಸ್ತೇ’ ಎಂದು ವಂದಿಸುವುದನ್ನು ಕಲಿತಿತ್ತು. ಆ ಸಂಘದ ಯಂತ್ರಗಳಲ್ಲಿ ಧರ್ಮದ ಅರ್ಥವನ್ನು ಹುಡುಕಿದವರಿಗೆ ಅದು ಸಿಕ್ಕಲಿಲ್ಲ. ಕಾಲವು ಹೇಗೆ ಸುತ್ತುವುದು ಎಂಬ ಪ್ರಶ್ನೆಗೆ ಕೃತಿಯು ತೃಪ್ತಿಕರವಾದ ಉತ್ತರವನ್ನು ಕೊಡಲಿಲ್ಲ. ಸುತ್ತುವ ಕಾಲದ ನಡುವೆ ನಿಂತವನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ ಮುಚ್ಚಿದ ಬಾಗಿಲಿನ ಗಾಜಿಗೆ ಒತ್ತಿಹಿಡಿದ ಆ ಅಂಗೈ ಉತ್ತರವನ್ನು ಕೊಟ್ಟಿದೆ. ಪ್ರೇಕ್ಷಕರ ವಾದಗಳಲ್ಲಿ ಆ ಅಂಗೈಗೆ ಸ್ಥಳವನ್ನಿಟ್ಟುದು ಯಾವುದೋ ಅದೇ ಸಾಧುವಾದ ವ್ಯಾಖ್ಯಾನವೆಂದು ಸಹೃದಯರು ಗ್ರಹಿಸಬಹುದು.